ಮೆದುಳಿನ ಚಿತ್ರ ಬೇಡ, ನಿದ್ದೆ ಎಷ್ಟು ಹೇಳಿ: ಡ್ಯೂಕ್ ಮಾದರಿಯ ಒಂದು ಪ್ರಕರಣ ಅಧ್ಯಯನ

"ಮಲಗಿದ ಮೇಲೆ ನಿಮ್ಮ ಮಗುವಿಗೆ ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕು?"

26 ಪ್ರಶ್ನೆಗಳ ಒಂದು ಫಾರಂನಲ್ಲಿ ಇದು ಎರಡನೆಯದು. ಕಾಲು ಗಂಟೆಗಿಂತ ಕಡಿಮೆ ಎಂಬಲ್ಲಿಂದ ಒಂದು ಗಂಟೆಗೂ ಜಾಸ್ತಿ ಎಂಬವರೆಗೆ ಐದು ಉತ್ತರಗಳಿವೆ. ಒಂದಕ್ಕೆ ಗುರುತು ಹಾಕಬೇಕು. ತುಂಬುವವರು ಅಪ್ಪ ಅಥವಾ ಅಮ್ಮ. ಇಟಲಿಯ ವೈದ್ಯರು 1996ರಲ್ಲಿ ಪ್ರಕಟಿಸಿದ ಫಾರಂ ಇದು. ಮೊನ್ನೆ ಭಾನುವಾರ ಬೆಳಿಗ್ಗೆ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟುಕೊಂಡು ನಾನೂ ತುಂಬಿದೆ. ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮಗಳಿದ್ದಾಳೆ. ಎರಡನೇ ಪ್ರಶ್ನೆಗೆ ಯೋಚನೆಯನ್ನೇ ಮಾಡದೆ "15 ನಿಮಿಷಕ್ಕಿಂತ ಕಡಿಮೆ" ಎಂದು ಹಾಕಿದೆ. ಆ ಉತ್ತರದ ಕತೆಗೆ ಆಮೇಲೆ ಬರುತ್ತೇನೆ.

ಈ ಫಾರಂ ಹುಡುಕಿಕೊಂಡು ಹೋಗಲು ಕಾರಣ 2025ರ ಮಾರ್ಚಿನಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ್ದು. ಮನೋವೈದ್ಯ ಜೊನಾಥನ್ ಪೋಸ್ನರ್, ಅಂಕಿಅಂಶದ ಕಡೆಯವರಾದ ಎಲಿಯಟ್ ಹಿಲ್ ಮತ್ತು ಮ್ಯಾಥ್ಯೂ ಎಂಗೆಲ್‌ಹಾರ್ಡ್, ಜೊತೆಗೆ ಇನ್ನೂ ಕೆಲವರು. ಇವರು ಕೇಳಿಕೊಂಡ ಪ್ರಶ್ನೆ ಒಂದೇ. ಮುಂದಿನ ಒಂದು ವರ್ಷದಲ್ಲಿ ಯಾವ ಮಕ್ಕಳ ಮನಸ್ಸಿನ ಆರೋಗ್ಯ ಹದಗೆಡಬಹುದು ಅಂತ ಎಐ ಮೊದಲೇ ಹೇಳಬಲ್ಲದೇ?

ಹೇಳಬಲ್ಲದು ಎಂಬ ಉತ್ತರ ಸುದ್ದಿಯಾಯಿತು. ನೂರಕ್ಕೆ 84ರಷ್ಟು ಕರಾರುವಾಕ್ಕು ಎಂಬರ್ಥದ ತಲೆಬರಹಗಳು ಓಡಾಡಿದವು. ನನ್ನ ಕಣ್ಣು ನಿಂತದ್ದು ಬೇರೆ ಸಾಲಿನ ಮೇಲೆ. ಯಂತ್ರದ ಮುಂದೆ ಮಕ್ಕಳ ಮೆದುಳಿನ ಎಂಆರ್‌ಐ ಮಾಹಿತಿ ಇಟ್ಟಿದ್ದರು, ಮೇಲೆ ಹೇಳಿದಂಥ ಫಾರಂಗಳನ್ನೂ ಇಟ್ಟಿದ್ದರು. ಎಂಆರ್‌ಐ ಸೇರಿಸಿದ್ದರಿಂದ ಮುನ್ಸೂಚನೆ ಸುಧಾರಿಸಲಿಲ್ಲ. ಎಲ್ಲಕ್ಕಿಂತ ಜಾಸ್ತಿ ತೂಕ ಬಂದದ್ದು ನಿದ್ದೆಯ ತೊಂದರೆಗೆ.

ಮಕ್ಕಳು ಯಾರು

ಡ್ಯೂಕ್ ತಂಡ ಹೊಸದಾಗಿ ಯಾವ ಮಗುವನ್ನೂ ಪರೀಕ್ಷೆ ಮಾಡಲಿಲ್ಲ. ಆಗಲೇ ಕೂಡಿಟ್ಟಿದ್ದ ಒಂದು ದೊಡ್ಡ ಮಾಹಿತಿ ಭಂಡಾರವನ್ನು ಬಳಸಿಕೊಂಡರು. ಅದರ ಹೆಸರು ಎಬಿಸಿಡಿ ಅಧ್ಯಯನ. ಹದಿಹರೆಯದ ಮೆದುಳು ಬೆಳೆಯುವ ರೀತಿಯನ್ನು ಹಿಂಬಾಲಿಸುವ ಕೆಲಸ. ದುಡ್ಡು ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳದ್ದು. 2016ರಿಂದ 2018ರ ನಡುವೆ 9-10 ವರ್ಷದ ಸುಮಾರು 11,880 ಮಕ್ಕಳನ್ನು 21 ಕೇಂದ್ರಗಳಲ್ಲಿ ಸೇರಿಸಿಕೊಂಡರು. ಹತ್ತು ವರ್ಷ ಅವರ ಹಿಂದೆ ಇರುವುದು ಯೋಜನೆ.

ಈ ಮಕ್ಕಳು ಕೊಟ್ಟಿರುವುದು ಸಣ್ಣಪುಟ್ಟ ಮಾಹಿತಿಯಲ್ಲ. ಎರಡು ವರ್ಷಕ್ಕೊಮ್ಮೆ ಎಂಆರ್‌ಐ. ಅದರ ಸದ್ದಿಗೆ ಹೆದರಬಾರದು ಅಂತ ಮೊದಲು ಒಂದು ನಕಲಿ ಯಂತ್ರದಲ್ಲಿ ಮಲಗಿಸಿ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ನಿಜವಾದದ್ದು. ಒಳಗೆ ಮಲಗಿಕೊಂಡೇ ಗುಂಡಿ ಒತ್ತಿ ಚಿಲ್ಲರೆ ಕಾಸು ಗೆಲ್ಲುವ ಒಂದು ಆಟ ಇದೆ. ಗೆಲ್ಲುವಾಗ, ಸೋಲುವಾಗ ಮೆದುಳಿನ ಯಾವ ಭಾಗ ಚುರುಕಾಗುತ್ತದೆ ಅಂತ ಯಂತ್ರ ದಾಖಲಿಸುತ್ತದೆ. ಎಂಜಲು ತೆಗೆದುಕೊಳ್ಳುತ್ತಾರೆ. ಬಿದ್ದ ಹಾಲುಹಲ್ಲನ್ನೂ ಕೇಳಿ ಇಸಿದುಕೊಂಡಿದ್ದಾರೆ. ನಮ್ಮಲ್ಲಿ ಹಾಲುಹಲ್ಲು ಸೂರಿನ ಮೇಲೆ ಹೋಗುತ್ತದೆ, ಅಲ್ಲಿ ಪ್ರಯೋಗಾಲಯಕ್ಕೆ ಹೋಯಿತು.

ಇದರ ಜೊತೆಗೆ ಕಾಗದದ ಕೆಲಸ. ಮಗು ಅಳುತ್ತದೆಯೇ, ಗಮನ ನಿಲ್ಲುತ್ತದೆಯೇ, ಚಿಂತೆ ಮಾಡುತ್ತದೆಯೇ ಎಂದು ಕೇಳುವ ನೂರಕ್ಕೂ ಮೇಲ್ಪಟ್ಟ ಪ್ರಶ್ನೆಗಳ ಪಟ್ಟಿ. ಒಂದೊಂದಕ್ಕೂ ಸೊನ್ನೆ, ಒಂದು, ಎರಡು ಅಂತ ಅಂಕ. ಮನೆಯ ಜಗಳದ ಬಗ್ಗೆ ಒಂಬತ್ತು ಸಾಲಿನ ಪ್ರತ್ಯೇಕ ಫಾರಂ. 'ನಮ್ಮ ಮನೆಯಲ್ಲಿ ಜಗಳ ಜಾಸ್ತಿ', 'ಕೆಲವೊಮ್ಮೆ ಸಿಟ್ಟಿಗೆ ವಸ್ತು ಎಸೆಯುತ್ತಾರೆ' ಎಂಬಂಥ ಸಾಲುಗಳಿಗೆ ಹೌದು ಅಥವಾ ಇಲ್ಲ ಹಾಕಬೇಕು. ಇದನ್ನು ಮಗುವೂ ತುಂಬುತ್ತದೆ, ದೊಡ್ಡವರೂ ತುಂಬುತ್ತಾರೆ. ಇವುಗಳ ನಡುವೆ ನಿದ್ದೆಯ ಆ 26 ಪ್ರಶ್ನೆ.

ಎರಡು ಯಂತ್ರ, ಎರಡು ಪಾಠ

ಸಂಶೋಧಕರು ಮನೋರೋಗಗಳನ್ನು ಒಂದೊಂದಾಗಿ ಹುಡುಕಲಿಲ್ಲ. ಖಿನ್ನತೆ, ಆತಂಕ, ಗಮನದ ತೊಂದರೆ, ಹಟಮಾರಿತನ ಇವೆಲ್ಲ ಮಕ್ಕಳಲ್ಲಿ ಬೇರೆಬೇರೆ ಡಬ್ಬಿಯಲ್ಲಿ ಇರುವುದಿಲ್ಲ. ಒಂದು ಇದ್ದ ಕಡೆ ಇನ್ನೊಂದೂ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಎಲ್ಲಕ್ಕೂ ಸೇರಿ ಒಂದು ಒಟ್ಟಾರೆ ಅಂಕ ತೆಗೆಯುತ್ತಾರೆ. ಅದಕ್ಕೆ 'ಪಿ ಫ್ಯಾಕ್ಟರ್' ಎಂದು ಹೆಸರು. ಆ ಅಂಕದ ಮೇಲೆ ಮಕ್ಕಳನ್ನು ಅಪಾಯದ ಗುಂಪುಗಳಾಗಿ ಮಾಡಿ, ಈ ವರ್ಷ ಕೆಳಗಿರುವ ಯಾವ ಮಗು ಮುಂದಿನ ವರ್ಷ ಅತಿ ಹೆಚ್ಚು ಅಪಾಯದ ಗುಂಪಿಗೆ ಹತ್ತುತ್ತದೆ ಎಂದು ಹೇಳುವುದು ಯಂತ್ರದ ಕೆಲಸ.

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಹೆಚ್ಚು ಅಪಾಯದ ಗುಂಪು' ಅಂದರೆ ವೈದ್ಯರು ಕೂತು ಮಾತಾಡಿಸಿ ಕಾಯಿಲೆ ಎಂದು ಬರೆದುಕೊಟ್ಟ ಗುಂಪಲ್ಲ. ಬಹುಪಾಲು ಫಾರಂಗಳಿಂದ ಬಂದ ಅಂಕದ ಮೇಲೆ ಮಾಡಿದ ಗುಂಪು. ಸುದ್ದಿಯಲ್ಲಿ ಇದು 'ಮನೋರೋಗ ಪತ್ತೆ' ಆಗಿಬಿಡುತ್ತದೆ. ಎರಡರ ನಡುವೆ ಬಹಳ ದೂರ ಇದೆ.

ತಂಡ ಎರಡು ಬಗೆಯ ಮಾದರಿಗಳನ್ನು ತಯಾರಿಸಿತು. ಎರಡೂ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ಎಐ. ಮೊದಲನೆಯದಕ್ಕೆ ಮಗುವಿನ ಈಗಿನ ಲಕ್ಷಣಗಳನ್ನೂ ಹೇಳಿಕೊಟ್ಟರು. ಎರಡನೆಯದಕ್ಕೆ ಲಕ್ಷಣಗಳನ್ನು ಮುಚ್ಚಿಟ್ಟು, ಅವುಗಳ ಹಿಂದೆ ಇರಬಹುದಾದ ಕಾರಣಗಳನ್ನು ಮಾತ್ರ ಕೊಟ್ಟರು. ನಿದ್ದೆ, ಮನೆಯ ಪರಿಸರ, ಬಾಲ್ಯದ ಕಹಿ ಅನುಭವಗಳು, ವಂಶದಲ್ಲಿ ಮಾನಸಿಕ ಕಾಯಿಲೆ ಇದ್ದದ್ದು ಇತ್ಯಾದಿ. ಮೊದಲನೆಯದಕ್ಕೆ 0.84 ಅಂಕ ಬಂತು, ಎರಡನೆಯದಕ್ಕೆ 0.75.

ಕಾಗದದ ಮೇಲೆ ಮೊದಲನೆಯದೇ ಗೆದ್ದಿತು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಉಪಯೋಗಿ. ಈಗಾಗಲೇ ಮಂಕಾಗಿರುವ ಹುಡುಗ ಮುಂದಿನ ವರ್ಷ ಇನ್ನೂ ಮಂಕಾಗುತ್ತಾನೆ ಅಂತ ಹೇಳಲು ಅಜ್ಜಿಯೇ ಸಾಕು. ಇನ್ನೂ ಏನೂ ಕಾಣದಿರುವ ಹುಡುಗಿಯ ಬಗ್ಗೆ ಹೇಳಿದರೆ, ಅದೂ ಇಂಥ ಕಡೆ ಕೈಹಾಕಿ ನೋಡಿ ಅಂತ ತೋರಿಸಿದರೆ, ಆಗ ಏನಾದರೂ ಮಾಡಬಹುದು.

0.84 ಅಂದರೆ ಏನು

ಅಂಕಿಸಂಖ್ಯೆ ನನ್ನ ಹೊಟ್ಟೆಪಾಡು. ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

0.84 ಎಂಬುದು 'ನೂರರಲ್ಲಿ 84 ಸಲ ಸರಿ' ಎಂದಲ್ಲ. ಅರ್ಥ ಹೀಗೆ. ಹದಗೆಡಲಿರುವ ಒಂದು ಮಗು, ಹದಗೆಡದ ಒಂದು ಮಗು, ಇಬ್ಬರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಯಂತ್ರದ ಮುಂದೆ ನಿಲ್ಲಿಸಿ. ಇಬ್ಬರಲ್ಲಿ ಯಾರಿಗೆ ಅಪಾಯ ಜಾಸ್ತಿ ಎಂದು ಕೇಳಿ. ಹೀಗೆ ನೂರು ಜೋಡಿಗಳನ್ನು ಕೇಳಿದರೆ ಸುಮಾರು 84 ಜೋಡಿಯಲ್ಲಿ ಅದು ಸರಿಯಾದ ಮಗುವನ್ನು ತೋರಿಸುತ್ತದೆ. ಸುಮ್ನೆ ನಾಣ್ಯ ಚಿಮ್ಮಿದರೂ 50 ಬರುತ್ತದೆ. ನಾಣ್ಯಕ್ಕಿಂತ ಇದು ಬಹಳ ಮೇಲು. ಆದರೆ ಶಾಲೆಯಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ಬಂದು ನಿಲ್ಲುವುದಿಲ್ಲ, ಅಲ್ವಾ? ಸಾವಿರ ಜನ ಒಟ್ಟಿಗೆ ಇರುತ್ತಾರೆ.

ಒಂದು ಲೆಕ್ಕ ಹಾಕೋಣ. ಇದು ನನ್ನ ಊಹೆಯ ಶಾಲೆ, ಡ್ಯೂಕ್‌ನವರ ಅಂಕಿಯಲ್ಲ. ಸಾವಿರ ಮಕ್ಕಳಿದ್ದಾರೆ. ಅವರಲ್ಲಿ ನೂರು ಮಕ್ಕಳ ಸ್ಥಿತಿ ವರ್ಷದೊಳಗೆ ಹದಗೆಡುತ್ತದೆ ಅಂದುಕೊಳ್ಳಿ. 0.84 ಅಂಕದ ಯಂತ್ರವನ್ನು, ಹದಗೆಡುವವರಲ್ಲೂ ಹದಗೆಡದವರಲ್ಲೂ ತಪ್ಪಿನ ಪ್ರಮಾಣ ಒಂದೇ ಇರುವ ಹಾಗೆ ಇಟ್ಟರೆ, ಹದಗೆಡುವ ನೂರರಲ್ಲಿ ಹೆಚ್ಚುಕಡಿಮೆ 76 ಮಕ್ಕಳನ್ನು ಅದು ಹಿಡಿಯುತ್ತದೆ. 24 ಮಕ್ಕಳು ತಪ್ಪಿಹೋಗುತ್ತಾರೆ. ಇನ್ನು ಚೆನ್ನಾಗಿಯೇ ಇರುವ 900 ಮಕ್ಕಳಲ್ಲಿ ಸುಮಾರು 216 ಮಂದಿಯ ಮೇಲೂ ಕೆಂಪು ಗುರುತು ಬೀಳುತ್ತದೆ. ಒಟ್ಟು 292 ಹೆಸರಿನ ಪಟ್ಟಿ. ಅದರಲ್ಲಿ ನಾಲ್ಕಕ್ಕೆ ಒಂದು ಮಾತ್ರ ನಿಜ. ಲಕ್ಷಣ ನೋಡದ 0.75 ಅಂಕದ ಯಂತ್ರವನ್ನು ಇಟ್ಟರೆ ಪಟ್ಟಿ 350 ದಾಟುತ್ತದೆ. ಅಲ್ಲಿ ಐದಕ್ಕೆ ಒಂದು.

ಯಂತ್ರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮಗುವಿಗೆ ಮುಂದೆ ಏನು ಮಾಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಹೆಸರು ಬಂದವರಿಗೆ ಮಾತ್ರೆ ಶುರು ಮಾಡುತ್ತೀರಿ ಅಂದರೆ ಈ ಲೆಕ್ಕ ಭಯ ಹುಟ್ಟಿಸುತ್ತದೆ. ಮನೆಯವರನ್ನು ಕರೆದು, ರಾತ್ರಿ ಮಲಗುವ ಹೊತ್ತನ್ನು ಸರಿ ಮಾಡಿಕೊಳ್ಳಿ ಎಂದು ಅರ್ಧ ಗಂಟೆ ಮಾತಾಡುತ್ತೀರಿ ಅಂದರೆ 216 ಮಕ್ಕಳಿಗೆ ನಷ್ಟವೇನೂ ಇಲ್ಲ. ಅವರೂ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಅಷ್ಟೆ. ಆದರೆ ಆ ಅರ್ಧ ಗಂಟೆಯನ್ನು 292ರಿಂದ ಗುಣಿಸಿ ನೋಡಿ. 146 ಗಂಟೆ. ಯಾರ ಹತ್ತಿರ ಇದೆ?

ನಿದ್ದೆಯ ಕಡೆಗೆ

ಈಗ ಅಡುಗೆಮನೆ ಕಟ್ಟೆಗೆ ವಾಪಸ್.

ಫಾರಂ ತುಂಬಿ ಮುಗಿಸಿದಾಗ ಮಗಳು ಎದ್ದು ಬಂದಳು. ಹಲ್ಲುಜ್ಜಿಕೊಂಡೇ ಹೆಗಲ ಮೇಲಿಂದ ಬಗ್ಗಿ ಓದಿದಳು. ಎರಡನೇ ಪ್ರಶ್ನೆಗೆ ನಕ್ಕಳು.

"ಅಮ್ಮ, ಹದಿನೈದು ನಿಮಿಷಾನಾ? ನೀನು ಲೈಟ್ ಆಫ್ ಮಾಡಿ ಹೋದ್ಮೇಲೆ ನಾನು ಒಂದು ಗಂಟೆ ಸುಮ್ನೆ ಬಿದ್ಕೊಂಡಿರ್ತೀನಿ."

"ಫೋನ್ ನೋಡ್ಕೊಂಡಾ?"

"ಫೋನ್ ನಿನ್ನ ರೂಮಲ್ಲೇ ಇರುತ್ತಲ್ಲ. ಟೆಸ್ಟ್ ಇದ್ರೆ ಅದೇ ತಲೇಲಿ ಓಡ್ತಿರುತ್ತೆ."

ಪೆನ್ನು ಕೊಟ್ಟೆ. ತನ್ನ ಉತ್ತರಗಳನ್ನು ಪಕ್ಕದಲ್ಲೇ ಹಾಕಿದಳು. 26ರಲ್ಲಿ 9 ಕಡೆ ನಮ್ಮಿಬ್ಬರ ಉತ್ತರ ಬೇರೆ. ನಿದ್ದೆಯಲ್ಲಿ ಮಾತಾಡುತ್ತಾಳೆಯೇ ಎಂಬುದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮಲಗುವಾಗ ಭಯ, ಕಳವಳ ಇರುತ್ತದೆಯೇ ಎಂಬುದು ಅವಳಿಗೆ ಗೊತ್ತು, ನನಗೆ ಗೊತ್ತೇ ಇರಲಿಲ್ಲ. ಎಬಿಸಿಡಿಯ ಸಾವಿರಾರು ಮನೆಗಳಲ್ಲೂ ಈ ಫಾರಂ ತುಂಬಿದ್ದು ನನ್ನಂಥವರೇ. ಹೀಗೆ ಅರ್ಧಂಬರ್ಧ ತಿಳಿದು ಹಾಕಿದ ಗುರುತುಗಳಿಂದಲೂ ಯಂತ್ರಕ್ಕೆ ಇಷ್ಟು ಸುಳಿವು ಸಿಕ್ಕಿತು ಅಂದರೆ ಆಶ್ಚರ್ಯ. ಅಥವಾ ಹೀಗೂ ಇರಬಹುದು. ಮಗುವಿನ ನಿದ್ದೆ ಕೆಟ್ಟಿರುವುದು ಅಮ್ಮನ ಕಣ್ಣಿಗೂ ಬೀಳುವಷ್ಟು ಜೋರಾಗಿದ್ದರೆ ಅದು ಆಗಲೇ ದೊಡ್ಡ ಸಂಗತಿ.

ಯಾವ ಮಾಹಿತಿಗೆ ಎಷ್ಟು ತೂಕ ಎಂದು ಡ್ಯೂಕ್ ತಂಡ ಬಿಡಿಸಿ ನೋಡಿದಾಗ ನಿದ್ದೆಯ ತೊಂದರೆ ಮೊದಲ ಸ್ಥಾನದಲ್ಲಿತ್ತು. ಬಾಲ್ಯದ ಕಹಿ ಅನುಭವಗಳು ಅದರ ಕೆಳಗೆ. ವಂಶದ ಕಾಯಿಲೆಯ ಚರಿತ್ರೆಯೂ ಅದರ ಕೆಳಗೆ. 'ಅವರ ಮನೆತನದಲ್ಲೇ ಇದೆ' ಎಂದು ಹೆಣ್ಣು ನೋಡಲು ಹೋದಾಗಲೂ ಪಿಸುಗುಟ್ಟುವ ನಮಗೆ ಇದನ್ನು ಎರಡು ಸಲ ಓದಬೇಕಾಗುತ್ತದೆ.

ಹಾಗಂತ ನಿದ್ದೆಗೆಟ್ಟರೆ ಮನಸ್ಸು ಕೆಡುತ್ತದೆ ಎಂದು ಇದರಿಂದ ತೀರ್ಮಾನ ಮಾಡುವ ಹಾಗಿಲ್ಲ. ನಿದ್ದೆಗೆಡುವುದೇ ಬರಲಿರುವ ಖಿನ್ನತೆಯ ಮೊದಲ ಲಕ್ಷಣ ಇರಬಹುದು. ಆಗ ಎರಡನೇ ಯಂತ್ರದಿಂದ ಲಕ್ಷಣಗಳನ್ನು ಮುಚ್ಚಿಟ್ಟೆವು ಎಂಬ ಮಾತೇ ಸಡಿಲವಾಗುತ್ತದೆ. ಒಂದು ಲಕ್ಷಣ ನಿದ್ದೆಯ ಹೆಸರಿನಲ್ಲಿ ಹಿತ್ತಲ ಬಾಗಿಲಿಂದ ಒಳಗೆ ಬಂದ ಹಾಗೆ. ಅಥವಾ ಮನೆಯಲ್ಲಿ ರಾತ್ರಿ ಜಗಳ ನಡೆಯುತ್ತಿದ್ದು, ಅದೇ ನಿದ್ದೆಯನ್ನೂ ಕೆಡಿಸಿ ಮನಸ್ಸನ್ನೂ ಕೆಡಿಸುತ್ತಿರಬಹುದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಇಂಥ ಯಂತ್ರ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಒಂದಷ್ಟು ಮಕ್ಕಳ ನಿದ್ದೆಯನ್ನು ನಿಜವಾಗಿ ಸರಿಪಡಿಸಿ, ವರ್ಷದ ನಂತರ ನೋಡಬೇಕು.

ಆದರೂ ನಿದ್ದೆಯಲ್ಲಿ ಒಂದು ಅನುಕೂಲ ಇದೆ. ವಂಶವನ್ನು ಬದಲಾಯಿಸಲು ಆಗುವುದಿಲ್ಲ, ಕಳೆದ ಬಾಲ್ಯವನ್ನೂ ಬದಲಾಯಿಸಲು ಆಗುವುದಿಲ್ಲ. ನಿದ್ದೆಯನ್ನು ಆಗುತ್ತದೆ. ಹದಿಹರೆಯ ಶುರುವಾದಾಗ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಮಗು ತಡವಾಗಿ ಮಲಗುವುದು ಬರೀ ಸೊಕ್ಕಲ್ಲ, ಮೈಯ ಗಡಿಯಾರವೇ ಹಿಂದೆ ಸರಿದಿರುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಇದನ್ನು ನೋಡಿಯೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ದೊಡ್ಡ ಮಕ್ಕಳ ಶಾಲೆ ಬೆಳಿಗ್ಗೆ 8:30ಕ್ಕಿಂತ ಮೊದಲು ಶುರುವಾಗಬಾರದು ಎಂದು ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಹೈಸ್ಕೂಲುಗಳಿಗೆ ಅದು ಕಾನೂನೇ ಆಯಿತು. ನನ್ನ ಮಗಳ ಗಣಿತದ ಟ್ಯೂಷನ್ ಶುರುವಾಗುವುದು ಬೆಳಿಗ್ಗೆ 6ಕ್ಕೆ.

ಯಂತ್ರ ಹಳ್ಳಿಗೆ ಹೋಗುತ್ತದೆ

ಎಂಆರ್‌ಐ ಬೇಡ ಎಂಬುದು ಏಕೆ ದೊಡ್ಡ ವಿಷಯ ಅಂದರೆ, ಎಂಆರ್‌ಐ ಯಂತ್ರ ಹೆಚ್ಚಾಗಿ ದೊಡ್ಡ ಊರಲ್ಲೇ ಇರುತ್ತದೆ. ಫಾರಂ ಎಲ್ಲಿ ಬೇಕಾದರೂ ತುಂಬಬಹುದು. ಈಗ ಡ್ಯೂಕ್ ತಂಡಕ್ಕೆ ಸುಮಾರು 1.5 ಕೋಟಿ ಡಾಲರ್ ಸರ್ಕಾರಿ ಅನುದಾನ ಸಿಕ್ಕಿದೆ. ನಾರ್ತ್ ಕೆರೊಲಿನಾ, ಮಿನೆಸೋಟ, ನಾರ್ತ್ ಡಕೋಟಾ ರಾಜ್ಯಗಳ ಹಳ್ಳಿಗಾಡಿನ ಕ್ಲಿನಿಕ್ಕುಗಳಲ್ಲಿ 10ರಿಂದ 15 ವರ್ಷದ 2,000 ಮಕ್ಕಳ ಮೇಲೆ ಮಾದರಿಯನ್ನು ಪರೀಕ್ಷಿಸುತ್ತಾರೆ. ಎಬಿಸಿಡಿಯ ಮನೆಗಳು ವರ್ಷಗಟ್ಟಲೆ ಅಧ್ಯಯನಕ್ಕೆ ಬರಲು ಒಪ್ಪಿದ ಮನೆಗಳು. ಜ್ವರಕ್ಕೆ ಔಷಧಿ ಕೇಳಲು ಬಂದವರು ಹಾಗಲ್ಲ. ನಿಜವಾದ ಪರೀಕ್ಷೆ ಅಲ್ಲಿದೆ.

ಈ ಕೆಲಸದಲ್ಲಿ ನನಗೆ ಸಮಾಧಾನ ಕೊಡುವುದು ಕೇಳಿ ಮಾಡುವ ರೀತಿ. ಮಗುವಿಗೆ, ಮನೆಯವರಿಗೆ ಹೇಳಿ ಫಾರಂ ಕೊಡುತ್ತಾರೆ. ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಇದೆ. ಬ್ರಿಟನ್ನಿನ ಸಮಾರಿಟನ್ಸ್ ಎಂಬ ಸಹಾಯವಾಣಿ ಸಂಸ್ಥೆ 2014ರ ಅಕ್ಟೋಬರ್ 29ರಂದು 'ರೇಡಾರ್' ಎಂಬ ಆ್ಯಪ್ ಬಿಟ್ಟಿತು. ನೀವು ಟ್ವಿಟರ್‌ನಲ್ಲಿ ಹಿಂಬಾಲಿಸುವವರು ನೊಂದು ಏನಾದರೂ ಬರೆದರೆ ಅದು ನಿಮಗೆ ತಿಳಿಸುತ್ತಿತ್ತು. ಬರೆದವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಒಳ್ಳೆಯ ಉದ್ದೇಶವೇ. ಆದರೆ ಕಾಡುವವರ ಕೈಗೂ ಇದೇ ಸುಳಿವು ಸಿಗುತ್ತದಲ್ಲ ಎಂದು ಜನ ತಿರುಗಿಬಿದ್ದರು. ನವೆಂಬರ್ 7ಕ್ಕೆ ನಿಲ್ಲಿಸಿದರು.

ಮೈಸೂರಿಗೆ ತಂದರೆ

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತ್ತು. ಹಾಗಾದರೆ ಡ್ಯೂಕ್ ಮಾದರಿಯನ್ನು ಇಲ್ಲಿಗೆ ತರಬಹುದೇ? ನೇರವಾಗಿ ತರಲು ಬರುವುದಿಲ್ಲ. ಅಮೆರಿಕದ ಮನೆಗಳಿಂದ ಕಲಿತ ಯಂತ್ರ ಅದು. ಅಜ್ಜಿಯ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಹುಡುಗ, ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆ, ಹಾಸ್ಟೆಲ್ಲಿನಲ್ಲಿ ಐದಕ್ಕೆ ಬೆಲ್ ಹೊಡೆಯುವುದು ಅದಕ್ಕೆ ಗೊತ್ತಿಲ್ಲ. ನಮ್ಮ ಮಕ್ಕಳಿಂದಲೇ ಕಲಿಯಬೇಕು.

ಅದಕ್ಕೆ ಬೇಕಾದ ಬುನಾದಿ ಇಲ್ಲವೇ ಇಲ್ಲ ಅಂತ ಅಲ್ಲ. ನಿಮ್ಹಾನ್ಸ್ ಮುಂದೆ ನಿಂತು, ಬ್ರಿಟನ್ನಿನವರ ಜೊತೆ ಸೇರಿ 'ಸಿ-ವೇದ' ಎಂಬ ಅಧ್ಯಯನ ನಡೆಸಿದೆ. ದೇಶದ ಏಳು ಕಡೆ, 6ರಿಂದ 23 ವರ್ಷದ ಸುಮಾರು 9,000 ಮಂದಿ. ಮನಸ್ಸು, ಮನೆ, ಚಟ, ಪರಿಸರ ಎಲ್ಲದರ ಮಾಹಿತಿ ಇದೆ. ಕೆಲವರ ಎಂಆರ್‌ಐ ಕೂಡ. ಏಳರಲ್ಲಿ ಒಂದು ಕಡೆ ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಊರವರಿಗೆ ಅದು ಮಿಷನ್ ಆಸ್ಪತ್ರೆ. 1997-98ರಲ್ಲಿ ಅಲ್ಲಿಗೆ ಬಂದ ಬಸುರಿಯರ ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿಕೊಂಡು ಬಂದಿದ್ದಾರೆ. ಆ ಕೂಸುಗಳು ಈಗ ಕೆಲಸಕ್ಕೆ ಹೋಗುವ ವಯಸ್ಸಿನವರು.

ಪಟ್ಟಿ ಸಿಕ್ಕ ಮೇಲೆ ಯಾರು ಮಾತಾಡಿಸುತ್ತಾರೆ ಎಂಬ ಪ್ರಶ್ನೆಗೆ ಸದ್ಯ ಕೈಗೆ ಸಿಗುವ ಒಂದು ಉತ್ತರ ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಆದರೆ ಅಲ್ಲಿಗೆ ನಾವೇ ಫೋನ್ ಮಾಡಬೇಕು. ತನಗೆ ಅಪಾಯ ಇದೆ ಅಂತಲೇ ಗೊತ್ತಿಲ್ಲದ ಮಗು ಮಾಡುವುದಿಲ್ಲ.

ಪರಿಚಯದ ಶಾಲಾ ಕೌನ್ಸೆಲರ್ ಒಬ್ಬರಿಗೆ ನನ್ನ 292ರ ಲೆಕ್ಕ ತೋರಿಸಿದೆ. ಅವರಿಗೆ ಮೂರು ಶಾಲೆಗಳ ಜವಾಬ್ದಾರಿ ಇದೆ, ಒಂದೊಂದಕ್ಕೆ ವಾರದಲ್ಲಿ ಎರಡು ದಿನ. ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

"ಪಟ್ಟಿ ಬೇಡ ಅನ್ನಲ್ಲ ಮೇಡಂ. ಕೊನೇ ಬೆಂಚಲ್ಲಿ ಸದ್ದಿಲ್ಲದೆ ಕೂರೋ ಮಕ್ಕಳು ನನ್ನ ಕಣ್ಣಿಗೂ ಬೀಳಲ್ಲ, ಅಂಥವರನ್ನ ತೋರಿಸಿದ್ರೆ ಒಳ್ಳೇದೇ. ಆದ್ರೆ 292 ಕೊಡ್ಬೇಡಿ. ಮೊದಲು ಯಾರನ್ನ ಕರೀಲಿ ಅಂತ ಒಂದು ಹತ್ತು ಹೆಸರು ಹೇಳುತ್ತಾ ನಿಮ್ಮ ಮೆಷಿನ್ನು?"

ಹೇಳುತ್ತದೆ ಅಂದೆ. ಹೆಚ್ಚು ಅಪಾಯದಿಂದ ಕಡಿಮೆಯವರೆಗೆ ಸಾಲಾಗಿ ನಿಲ್ಲಿಸುವುದೇ ಅದಕ್ಕೆ ಚೆನ್ನಾಗಿ ಬರುವ ಕೆಲಸ. ಆ ಹತ್ತರಲ್ಲಿ ಎಷ್ಟು ನಿಜ ಅಂತ ಕೇಳಿದರು. ಅದು ನಮ್ಮ ಮಕ್ಕಳ ಮೇಲೆ ಮಾಡಿ ನೋಡಿದರೆ ಗೊತ್ತಾಗುವ ಲೆಕ್ಕ ಎಂದೆ. ಫಾರಂ ಕನ್ನಡದಲ್ಲಿದ್ದರೆ ಕಳಿಸಿ, ಎರಡು ಪ್ರತಿ, ಅಮ್ಮನಿಗೊಂದು ಮಗುವಿಗೊಂದು ಅಂದರು.